ಫೀನಿಕ್ಸ್‌ಗೆ ಬರ್ತಿದ್ದೀರಾ? ಯಾವ ಊರಲ್ಲಿ ಮನೆ ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಅರಿಜೋನಾದಲ್ಲಿ ಕೆಲಸ ಸಿಕ್ಕ ತಕ್ಷಣ ಎಲ್ಲರೂ ಮಾಡುವುದು ಒಂದೇ. ಫೋನಿನಲ್ಲಿ ಮನೆಗಳ ಫೋಟೊ ನೋಡಲು ಕೂರುತ್ತಾರೆ. ದೊಡ್ಡ ಅಡುಗೆಮನೆ, ಹಿತ್ತಲಲ್ಲಿ ಈಜುಕೊಳ, ಬಾಡಿಗೆಯೂ ಪರವಾಗಿಲ್ಲ. ಆಮೇಲೆ ನಮ್ಮಂಥವರಿಗೆ ಮೆಸೇಜು ಬರುತ್ತದೆ: "ಈ ಏರಿಯಾ ಹೇಗೆ?" ಇಲ್ಲಿ ಮನೆ ಕೊನೆಗೆ ನೋಡುವ ವಿಷಯ. ಮೊದಲು ಆಫೀಸು ಎಲ್ಲಿ, ಬಿಸಿಲು ಯಾವ ಕಡೆಯಿಂದ, ನೀರು ಯಾರದ್ದು ಅಂತ ನೋಡಬೇಕು. ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರ ಕೆಳಗಿದೆ.

ಫೀನಿಕ್ಸ್ ಅಂದ್ರೆ ಒಂದೇ ಊರಾ?

ಅಲ್ಲ. ಫೀನಿಕ್ಸ್ ನಗರವೇ ದೊಡ್ಡದು. 2020ರ ಜನಗಣತಿಯಲ್ಲಿ 16 ಲಕ್ಷ ಜನ. ಅದಕ್ಕೆ ಅಂಟಿಕೊಂಡೇ ಮೇಸಾ, ಚಾಂಡ್ಲರ್, ಗಿಲ್ಬರ್ಟ್, ಟೆಂಪಿ, ಸ್ಕಾಟ್ಸ್‌ಡೇಲ್, ಗ್ಲೆಂಡೇಲ್, ಪಿಯೋರಿಯಾ, ಸರ್ಪ್ರೈಸ್, ಗುಡ್‌ಇಯರ್, ಬಕ್‌ಐ ಇವೆ. ಎಲ್ಲ ಸೇರಿ ಸುಮಾರು 50 ಲಕ್ಷ. ಇಷ್ಟಕ್ಕೂ ಸೇರಿಸಿ ಇಲ್ಲಿನವರು "ವ್ಯಾಲಿ" ಅನ್ನುತ್ತಾರೆ.

ಒಂದು ಊರು ಮುಗಿದು ಇನ್ನೊಂದು ಶುರುವಾಗಿದ್ದು ಗೊತ್ತೇ ಆಗುವುದಿಲ್ಲ. ರಸ್ತೆ ದಾಟಿದರೆ ಊರು ಬದಲಾಗಿರುತ್ತದೆ. ಆದರೆ ಪ್ರತಿ ಊರಿಗೂ ಅದರದ್ದೇ ಪೊಲೀಸು, ಅದರದ್ದೇ ನೀರಿನ ಇಲಾಖೆ. ಶಾಲಾ ಜಿಲ್ಲೆಗಳ ಗಡಿ ಮತ್ತೆ ಬೇರೆ. ಅದಕ್ಕೂ ಊರಿನ ಗಡಿಗೂ ಸಂಬಂಧವಿಲ್ಲ. ಗಿಲ್ಬರ್ಟ್‌ನಲ್ಲಿ ಮನೆ ಇದ್ದು ಮಕ್ಕಳು ಚಾಂಡ್ಲರ್ ಜಿಲ್ಲೆಯ ಶಾಲೆಗೆ ಹೋಗುವವರು ತುಂಬಾ ಜನ.

ವಿಳಾಸ ಓದುವಾಗ ಒಂದು ಎಚ್ಚರ. ಫೀನಿಕ್ಸ್‌ನಲ್ಲಿ ಸೆಂಟ್ರಲ್ ಅವೆನ್ಯೂ ನಡು ಗೆರೆ. ಅದರ ಪಶ್ಚಿಮಕ್ಕೆ ನಂಬರಿನ ರಸ್ತೆಗಳೆಲ್ಲ ಅವೆನ್ಯೂ, ಪೂರ್ವಕ್ಕೆ ಸ್ಟ್ರೀಟ್. 35ನೇ ಅವೆನ್ಯೂಗೂ 35ನೇ ಸ್ಟ್ರೀಟ್‌ಗೂ ನಡುವೆ ಅರ್ಧ ಊರೇ ಇದೆ. ಮನೆ ನೋಡಲು ಹೊರಟು ಇನ್ನೊಂದು ಕಡೆ ಹೋಗಿ ನಿಂತವರು ಕಡಿಮೆ ಇಲ್ಲ.

ಹಾಗಾದ್ರೆ ಶುರು ಎಲ್ಲಿಂದ ಮಾಡೋದು?

ಆಫೀಸಿನ ಗೇಟಿಂದ. ಆಫರ್ ಲೆಟರ್‌ನಲ್ಲಿ ಬರೀ "ಫೀನಿಕ್ಸ್" ಅಂತ ಇದ್ದರೆ ಎಚ್‌ಆರ್‌ಗೆ ಕೇಳಿ ಸರಿಯಾದ ವಿಳಾಸ ತೆಗೆದುಕೊಳ್ಳಿ.

ಯಾಕೆ ಅಂತ ಒಂದು ಉದಾಹರಣೆ. ಚಿಪ್ ಕಂಪನಿಗಳಿಗೆ ಬರುವ ನಮ್ಮವರು ತುಂಬಾ ಜನ ಇದ್ದಾರೆ ಅಲ್ವಾ? ಇಂಟೆಲ್‌ನ ಒಕೊಟಿಲೊ ಕ್ಯಾಂಪಸ್ ಚಾಂಡ್ಲರ್‌ನ ದಕ್ಷಿಣ ತುದಿಯಲ್ಲಿದೆ. ಟಿಎಸ್‌ಎಂಸಿ ಕಾರ್ಖಾನೆ ಫೀನಿಕ್ಸ್‌ನ ಉತ್ತರ ತುದಿಯಲ್ಲಿ, ಐ-17 ಮತ್ತು ಲೂಪ್ 303 ಹೆದ್ದಾರಿಗಳು ಸೇರುವ ಹತ್ತಿರ. ಎರಡರ ನಡುವೆ ಸುಮಾರು 70 ಕಿ.ಮೀ. ರಸ್ತೆ ಖಾಲಿ ಇದ್ದರೆ ಒಂದು ಗಂಟೆಯೊಳಗೆ ಮುಟ್ಟಬಹುದು. ಬೆಳಿಗ್ಗೆ 7 ಗಂಟೆಗೆ ಖಾಲಿ ಇರುವುದಿಲ್ಲ. "ಸ್ನೇಹಿತರು ಚಾಂಡ್ಲರ್‌ನಲ್ಲಿದ್ದಾರೆ, ಅಲ್ಲೇ ಇರ್ತೀವಿ" ಅಂತ ಮನೆ ಮಾಡಿ, ದಿನಾ ಉತ್ತರ ತುದಿಗೆ ಓಡಾಡಿ ಸಾಕಾಗಿ, ವರ್ಷದ ಲೀಸ್ ಮುಗಿಯುವ ಮೊದಲೇ ಮನೆ ಬದಲಾಯಿಸುವವರನ್ನು ನೋಡಿದ್ದೇವೆ.

ದೂರದ ಜೊತೆ ದಿಕ್ಕನ್ನೂ ನೋಡಿ. ಪಶ್ಚಿಮದ ಊರುಗಳಲ್ಲಿ ಮನೆ, ಡೌನ್‌ಟೌನ್‌ನಲ್ಲಿ ಕೆಲಸ ಅಂದರೆ ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಡ್ರೈವ್ ಮಾಡುತ್ತೀರಿ. ಎರಡೂ ಹೊತ್ತು ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಮರುಭೂಮಿಯಲ್ಲಿ ಮೋಡದ ಆಸರೆಯೂ ಇಲ್ಲ. ಪೂರ್ವದ ಊರುಗಳಿಂದ ಬರುವವರಿಗೆ ಎರಡೂ ಹೊತ್ತು ಸೂರ್ಯ ಬೆನ್ನಿಗೆ. ಮ್ಯಾಪಿನಲ್ಲಿ ಇದು ಕಾಣುವುದಿಲ್ಲ.

ಚಾಂಡ್ಲರ್‌ನಲ್ಲೇ ಕನ್ನಡದವರೆಲ್ಲ ಇರ್ತಾರಂತೆ. ಕಣ್ಣು ಮುಚ್ಚಿ ಅಲ್ಲೇ ಹೋಗೋದಾ?

ಕೆಲಸ ಪೂರ್ವದ ಕಡೆ ಇದ್ದರೆ, ಹೌದು. ಇಂಟೆಲ್ ಅಲ್ಲಿ 40ಕ್ಕೂ ಹೆಚ್ಚು ವರ್ಷದಿಂದ ಇದೆ. ಪ್ರೈಸ್ ರೋಡ್ ಉದ್ದಕ್ಕೂ ಬ್ಯಾಂಕು, ಟೆಕ್ ಕಂಪನಿಗಳ ಆಫೀಸುಗಳಿವೆ. ಹಾಗಾಗಿ ಭಾರತೀಯರೂ ಮೊದಲಿಂದಲೇ ನೆಲೆಸಿದ್ದಾರೆ. ಸೋನಾ ಮಸೂರಿ ಅಕ್ಕಿ, ಬ್ಯಾಡಗಿ ಮೆಣಸಿನಕಾಯಿ, ಕರಿಬೇವು ಯಾವುದಕ್ಕೂ ಪರದಾಟವಿಲ್ಲ. ಡಾಬ್ಸನ್ ಮತ್ತು ವಾರ್ನರ್ ರಸ್ತೆ ಸೇರುವಲ್ಲಿ ಲೀ ಲೀ ಅಂತ ದೊಡ್ಡ ಏಷ್ಯನ್ ಅಂಗಡಿ ಇದೆ. ನುಗ್ಗೆಕಾಯಿ, ಬಾಳೆ ಎಲೆ ಅಲ್ಲಿ ಸಿಗುತ್ತದೆ.

ಆದರೆ ಚಾಂಡ್ಲರ್ ಈಗ ಹೆಚ್ಚುಕಡಿಮೆ ತುಂಬಿಹೋಗಿದೆ. ಖಾಲಿ ಜಾಗ ಕಡಿಮೆ. ದಕ್ಷಿಣದ ಕಡೆ ಹೊಸ ಮನೆ ಬೇಕು ಅಂದರೆ ದುಡ್ಡು ಜಾಸ್ತಿ. ಉತ್ತರ ಚಾಂಡ್ಲರ್‌ನಲ್ಲಿ 1980, 90ರ ದಶಕದ ಮನೆಗಳು ಸಿಗುತ್ತವೆ. ಮನೆ ಹಳೆಯದು, ಆದರೆ ಮರಗಳು ಬೆಳೆದು ನೆರಳಿದೆ. ನನ್ನನ್ನು ಕೇಳಿದರೆ ಇಲ್ಲಿ ನೆರಳಿಗೆ ಕೊಡುವ ದುಡ್ಡು ಗ್ರಾನೈಟ್ ಕೌಂಟರ್‌ಗೆ ಕೊಡುವುದಕ್ಕಿಂತ ಸಾರ್ಥಕ.

ಅದೇ ಬೆಲೆಗೆ ಪಕ್ಕದ ಅಹ್ವಾಟೂಕಿಯನ್ನೂ ನೋಡಿ. ಅದು ಲೆಕ್ಕಕ್ಕೆ ಫೀನಿಕ್ಸ್ ನಗರದ ಭಾಗ. ಆದರೆ ಸೌತ್ ಮೌಂಟನ್ ಬೆಟ್ಟ ಅಡ್ಡ ಇರುವುದರಿಂದ ಊರಿಂದ ಬೇರೆಯಾಗಿಯೇ ಉಳಿದಿದೆ. ಬಾಗಿಲು ತೆರೆದರೆ ಬೆಟ್ಟ ಹತ್ತುವ ದಾರಿ, ಚಿಕ್ಕ ಮಕ್ಕಳಿಗೆ ಕೈರೀನ್ ಜಿಲ್ಲೆಯ ಶಾಲೆಗಳು. ಹೊರಗೆ ಬರಲು ದಾರಿಗಳು ಕಡಿಮೆ ಅನ್ನುವ ದೂರು ಹಳೆಯದು. 2019ರ ಕೊನೆಯಲ್ಲಿ ಲೂಪ್ 202ರ ಸೌತ್ ಮೌಂಟನ್ ಭಾಗ ತೆರೆದ ಮೇಲೆ ಪಶ್ಚಿಮದ ಕಡೆಗೂ ದಾರಿಯಾಯಿತು.

ಗಿಲ್ಬರ್ಟ್, ಕ್ವೀನ್ ಕ್ರೀಕ್?

ಗಿಲ್ಬರ್ಟ್‌ನಲ್ಲಿ 2020ರಲ್ಲಿ 2.67 ಲಕ್ಷ ಜನ ಇದ್ದರೂ ಕಾಗದದ ಮೇಲೆ ಅದು ಇನ್ನೂ ಸಿಟಿಯಲ್ಲ, "ಟೌನ್". ಹಿಂದೆ ಹುಲ್ಲು ಬೆಳೆಯುತ್ತಿದ್ದ ಹೊಲಗಳು, ಈಗ ಸಾಲು ಸಾಲು ಲೇಔಟು. ಸಣ್ಣ ಮಕ್ಕಳಿರುವ ಸಂಸಾರಕ್ಕೆ ತುಂಬಾ ಹೊಂದುತ್ತದೆ. ವಾಟರ್ ರಾಂಚ್ ಕೆರೆಗಳ ಹತ್ತಿರ ಚಳಿಗಾಲದಲ್ಲಿ ಹಕ್ಕಿ ನೋಡುತ್ತಾ ಅಡ್ಡಾಡಬಹುದು.

ಕ್ವೀನ್ ಕ್ರೀಕ್ ಇನ್ನೂ ಆಚೆ. ಅದೇ ದುಡ್ಡಿಗೆ ದೊಡ್ಡ ಮನೆ ಸಿಗುತ್ತದೆ, ದೊಡ್ಡ ಸೈಟೂ ಸಿಗುತ್ತದೆ. ಆದರೆ ಫ್ರೀವೇ ಮುಟ್ಟುವಷ್ಟರಲ್ಲಿ ಸಿಗ್ನಲ್‌ಗಳೇ ಮುಗಿಯುವುದಿಲ್ಲ. ಉಳಿದಿರುವ ಹೈನು ಫಾರ್ಮುಗಳ ಕಡೆಯಿಂದ ಗಾಳಿ ಬೀಸಿದ ದಿನ ಮೂಗಿಗೆ ಗೊತ್ತಾಗುತ್ತದೆ. ಹಳ್ಳಿಯಲ್ಲಿ ಬೆಳೆದವರಿಗೆ ಏನೂ ಅನ್ನಿಸುವುದಿಲ್ಲ ಬಿಡಿ.

ಕಾರಿಲ್ಲದೆ ಬದುಕೋಕೆ ಆಗುತ್ತಾ?

ಟೆಂಪಿಯಲ್ಲಿ ಆಗುತ್ತದೆ. ಬೇರೆ ಕಡೆ ಸುಮ್ನೆ ಹಠ ಮಾಡಬೇಡಿ.

ಟೆಂಪಿಯಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಇದೆ. ಓದಲು ಬರುವವರಿಗೆ ಇದೇ ಊರು. 2008ರ ಕೊನೆಗೆ ಶುರುವಾದ ಲೈಟ್ ರೈಲು ಇಲ್ಲಿಂದ ಡೌನ್‌ಟೌನ್‌ಗೂ ಹೋಗುತ್ತದೆ, ಮೇಸಾಕ್ಕೂ ಹೋಗುತ್ತದೆ. ದಾರಿಯಲ್ಲೇ ವಿಮಾನ ನಿಲ್ದಾಣ. ಬಾಡಿಗೆದಾರರು ಕಾರು ಇಟ್ಟುಕೊಳ್ಳದೆ ಇರಲೆಂದೇ ಕಟ್ಟಿದ ಕಲ್‌ಡಿಸ್ಯಾಕ್ ಅನ್ನುವ ಬಡಾವಣೆಯೂ ಟೆಂಪಿಯಲ್ಲೇ ಇದೆ. ಅಲ್ಲಿ ಗಲ್ಲಿಗಳನ್ನು ಕಿರಿದಾಗಿ, ಮನೆಗಳನ್ನು ಒತ್ತೊತ್ತಾಗಿ, ಬೆಳ್ಳಗೆ ಕಟ್ಟಿದ್ದಾರೆ. ನೆರಳು ಬೀಳಲಿ ಅಂತ. ಉಳಿದ ಬಿಲ್ಡರ್‌ಗಳೂ ಇದನ್ನು ಕಲಿತಿದ್ದರೆ ಚೆನ್ನಾಗಿತ್ತು.

ಮಾಧ್ವರಿಗೂ ಉಡುಪಿ ಕಡೆಯವರಿಗೂ ಇನ್ನೊಂದು ವಿಷಯ: ಪುತ್ತಿಗೆ ಮಠದ ಶ್ರೀ ವೆಂಕಟಕೃಷ್ಣ ಕ್ಷೇತ್ರ ಟೆಂಪಿಯಲ್ಲಿದೆ.

ವಾರಾಂತ್ಯದ ರಾತ್ರಿ ಯೂನಿವರ್ಸಿಟಿ ಸುತ್ತ ಗಲಾಟೆ ಇರುತ್ತದೆ. ಸಂಸಾರದವರು ಟೆಂಪಿಯ ದಕ್ಷಿಣ ಭಾಗ ನೋಡುವುದು ಒಳ್ಳೆಯದು.

ನನ್ನ ಕೆಲಸ ಟಿಎಸ್‌ಎಂಸಿ ಕಡೆ. ಎಲ್ಲಿ ನೋಡ್ಲಿ?

ಉತ್ತರ ಫೀನಿಕ್ಸ್‌ನ ನಾರ್ಟೆರಾ, ಡೆಸರ್ಟ್ ರಿಡ್ಜ್, ಪಿಯೋರಿಯಾದ ವಿಸ್ಟಾನ್ಷಿಯಾ, ಐ-17ರಲ್ಲಿ ಇನ್ನೂ ಮೇಲಕ್ಕೆ ಹೋದರೆ ಆಂಥಮ್. ಆಂಥಮ್ ಸ್ವಲ್ಪ ಎತ್ತರದಲ್ಲಿದೆ. ರಾತ್ರಿ ಒಂದೆರಡು ಡಿಗ್ರಿ ಕಡಿಮೆ ಇರುತ್ತದೆ. ಇಂಥ ಜಾಗದಲ್ಲಿ ಆ ಒಂದೆರಡು ಡಿಗ್ರಿಯೂ ದೊಡ್ಡದೇ.

ಕಾರ್ಖಾನೆ ಬರುತ್ತದೆ ಅಂತ ಪ್ರಕಟಣೆ ಆಗಿದ್ದು 2020ರ ಮೇನಲ್ಲಿ. ಆಮೇಲೆ ಈ ಕಡೆ ಕಟ್ಟಡ ಕೆಲಸ ನಿಂತಿಲ್ಲ. ಭಾರತೀಯ ಅಂಗಡಿಗಳು ಚಾಂಡ್ಲರ್ ಕಡೆ ಇರುವಷ್ಟು ಇಲ್ಲ. ಪಿಯೋರಿಯಾದಲ್ಲಿ ಇನ್ನೊಂದು ಲೀ ಲೀ ಇರುವುದರಿಂದ ವಾರದ ಸಂತೆ ಸಾಗುತ್ತದೆ. ಭಾರತೀಯ ಏಕತಾ ಮಂದಿರವೂ ಫೀನಿಕ್ಸ್‌ನ ಪಶ್ಚಿಮ ಭಾಗದಲ್ಲೇ ಇದೆ. ಐ-17 ಮೇಲೆ ಶುಕ್ರವಾರ ಸಂಜೆ ಹೋಗಬೇಡಿ. ಬಿಸಿಲು ತಪ್ಪಿಸಿಕೊಳ್ಳಲು ಅರ್ಧ ಊರು ಫ್ಲ್ಯಾಗ್‌ಸ್ಟಾಫ್ ಕಡೆ ಹೊರಟಿರುತ್ತದೆ.

ಸ್ಕಾಟ್ಸ್‌ಡೇಲ್ ಬರೀ ಶ್ರೀಮಂತರಿಗಾ?

ಉತ್ತರ ಸ್ಕಾಟ್ಸ್‌ಡೇಲ್ ಬಹುತೇಕ ಹೌದು. ದಕ್ಷಿಣದಲ್ಲಿ ಸಾಧಾರಣ ಅಪಾರ್ಟ್‌ಮೆಂಟುಗಳಿವೆ. ಮೇಯೊ ಕ್ಲಿನಿಕ್ ಆಸ್ಪತ್ರೆ ಅಥವಾ ಏರ್‌ಪಾರ್ಕ್ ಅನ್ನುವ ಆಫೀಸುಗಳ ಪ್ರದೇಶದ ಕಡೆ ಕೆಲಸ ಮಾಡುವವರು ನೋಡಬಹುದು. ಊರು ಉತ್ತರ-ದಕ್ಷಿಣವಾಗಿ ತುಂಬಾ ಉದ್ದ. "ಸ್ಕಾಟ್ಸ್‌ಡೇಲ್‌ನಲ್ಲಿದ್ದೀನಿ" ಅಂದರೆ ಯಾವ ತುದಿ ಅಂತ ಕೇಳಲೇಬೇಕು.

ಪಶ್ಚಿಮದ ಊರುಗಳಲ್ಲಿ ಮನೆ ಅಷ್ಟು ಅಗ್ಗ ಯಾಕೆ?

ದೂರ. ಮುಖ್ಯ ಕಾರಣ ಅದೇ. ಗುಡ್‌ಇಯರ್, ಬಕ್‌ಐ, ಸರ್ಪ್ರೈಸ್‌ನಲ್ಲಿ ಹೊಸ ಮನೆ ಕಡಿಮೆ ದುಡ್ಡಿಗೆ ಸಿಗುತ್ತದೆ. ಮನೆಯಿಂದಲೇ ಕೆಲಸ ಮಾಡುವವರಿಗೆ ಒಳ್ಳೆಯ ಆಯ್ಕೆ. ದಿನಾ ಐ-10 ಹಿಡಿಯಬೇಕಾದವರು ಒಂದು ಬೆಳಿಗ್ಗೆ 7 ಗಂಟೆಗೆ ಆ ದಾರಿಯಲ್ಲಿ ಹೋಗಿ ನೋಡಿ, ಆಮೇಲೆ ನಿರ್ಧಾರ ಮಾಡಿ.

ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಒಂದು, ಗ್ಲೆಂಡೇಲ್ ಹತ್ತಿರ ಲ್ಯೂಕ್ ವಾಯುನೆಲೆ ಇದೆ. ಎಫ್-35 ಪೈಲಟ್‌ಗಳಿಗೆ ಅಲ್ಲಿ ತರಬೇತಿ. ಮನೆ ಅದರ ಹಾರಾಟದ ದಾರಿಯಲ್ಲಿ ಇದೆಯಾ ನೋಡಿ. ಇನ್ನೊಂದು, ಹೊಸ ಬಡಾವಣೆಗಳಲ್ಲಿ ರಸ್ತೆ, ಚರಂಡಿಯ ಸಾಲ ತೀರಿಸಲು ಆಸ್ತಿ ತೆರಿಗೆಯ ಜೊತೆ ಸಿಎಫ್‌ಡಿ ಅಂತ ಇನ್ನೊಂದು ತೆರಿಗೆ ಸೇರಿರುತ್ತದೆ. ಪಿಯೋರಿಯಾದ ವಿಸ್ಟಾನ್ಷಿಯಾ, ಮೇಸಾದ ಈಸ್ಟ್‌ಮಾರ್ಕ್‌ನಲ್ಲೂ ಇದು ಇದೆ. ತಿಂಗಳ ಕಂತಿನ ಲೆಕ್ಕಕ್ಕೆ ಇದನ್ನು ಸೇರಿಸದೆ ಸೈನ್ ಮಾಡಬೇಡಿ.

ಮ್ಯಾರಿಕೋಪಾದಲ್ಲಿ ಮನೆ ಸಿಕ್ಕಿದೆ. ಫೀನಿಕ್ಸ್ ಇರೋದು ಮ್ಯಾರಿಕೋಪಾ ಕೌಂಟಿಯಲ್ಲೇ ಅಲ್ವಾ?

ನಿಲ್ಲಿ. ಮ್ಯಾರಿಕೋಪಾ ಕೌಂಟಿ ಬೇರೆ, ಮ್ಯಾರಿಕೋಪಾ ಊರು ಬೇರೆ. ಆ ಊರು ಇರುವುದು ಪೈನಲ್ ಕೌಂಟಿಯಲ್ಲಿ, ಚಾಂಡ್ಲರ್‌ಗೆ ಇನ್ನೂ ದಕ್ಷಿಣಕ್ಕೆ. ಫೀನಿಕ್ಸ್ ಕಡೆ ಬರಲು ಎಲ್ಲರೂ ನಂಬಿರುವುದು ಹೈವೇ 347 ಒಂದನ್ನೇ. ಅದು ಗಿಲಾ ರಿವರ್ ಮೂಲನಿವಾಸಿಗಳ ನೆಲದ ಮೂಲಕ ಬರುತ್ತದೆ. ಅಲ್ಲಿ ಒಂದು ಅಪಘಾತವಾದರೆ ಊರಿಗೆ ಊರೇ ರಸ್ತೆಯಲ್ಲಿ ನಿಲ್ಲುತ್ತದೆ.

ಮನೆ ಅಗ್ಗ, ನಿಜ. ಮಹಾಗಣಪತಿ ದೇವಸ್ಥಾನವೂ ಅಲ್ಲೇ ಇದೆ. ಹಬ್ಬಕ್ಕೆ ಹೋಗಿ ಬರುವ ದಾರಿಯಲ್ಲೇ ಊರು ಹೇಗಿದೆ ಅಂತ ನೋಡಿಕೊಂಡು ಬನ್ನಿ.

ಸನ್ ಸಿಟಿಯಲ್ಲಿ ಒಳ್ಳೆ ಮನೆ, ಅರ್ಧ ರೇಟು. ಏನಾದ್ರೂ ಮೋಸ ಇದೆಯಾ?

ಮೋಸ ಇಲ್ಲ, ವಯಸ್ಸಿನ ನಿಯಮ ಇದೆ. ಸನ್ ಸಿಟಿ 1960ರಲ್ಲಿ ನಿವೃತ್ತರಿಗಾಗಿಯೇ ಶುರುವಾದ ಊರು. ಮನೆಯಲ್ಲಿ ಒಬ್ಬರಾದರೂ 55 ದಾಟಿರಬೇಕು. ಮಕ್ಕಳು ಅಲ್ಲಿ ವಾಸ ಇರುವ ಹಾಗಿಲ್ಲ. ಜಾಹೀರಾತಿನಲ್ಲಿ "55+" ಅಂತ ಸಣ್ಣದಾಗಿ ಬರೆದಿರುತ್ತಾರೆ. ಇಂಥ ಬಡಾವಣೆಗಳು ವ್ಯಾಲಿಯ ಬೇರೆ ಬೇರೆ ಕಡೆಯೂ ಇವೆ.

ಬಿಸಿಲು ನಿಜಕ್ಕೂ ಅಷ್ಟಿರುತ್ತಾ? ನಾವು ರಾಯಚೂರಿನವರು.

ರಾಯಚೂರು, ಕಲಬುರಗಿಯವರಿಗೆ ಮಧ್ಯಾಹ್ನದ ಬಿಸಿಲು ಹೊಸದಲ್ಲ. ಇಲ್ಲಿ ಕಷ್ಟ ಕೊಡುವುದು ರಾತ್ರಿ. 2023ರ ಜುಲೈ 19ರಂದು ಫೀನಿಕ್ಸ್‌ನಲ್ಲಿ ದಿನದ ಕನಿಷ್ಠ ತಾಪಮಾನ 97 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 36 ಡಿಗ್ರಿ ಸೆಲ್ಸಿಯಸ್. ಬೆಳಗಿನ ಜಾವದ ಲೆಕ್ಕ ಅದು. ಆ ವರ್ಷ ಸತತ 31 ದಿನ ಹಗಲಿನ ಗರಿಷ್ಠ ತಾಪಮಾನ 110 ಫ್ಯಾರನ್‌ಹೀಟ್ (43 ಸೆಲ್ಸಿಯಸ್) ಮುಟ್ಟಿತು ಅಥವಾ ದಾಟಿತು. 2024ರಲ್ಲಿ ಸತತ 113 ದಿನ ಆ ಗರಿಷ್ಠ 100 ಫ್ಯಾರನ್‌ಹೀಟ್‌ಗೆ ಕಡಿಮೆ ಇರಲಿಲ್ಲ. ಇಷ್ಟು ವರ್ಷದ ದಾಖಲೆ 1990ರ ಜೂನ್ 26ರದ್ದು: 122, ಅಂದರೆ 50 ಸೆಲ್ಸಿಯಸ್. 2023ರಲ್ಲಿ ಮ್ಯಾರಿಕೋಪಾ ಕೌಂಟಿಯಲ್ಲಿ ಬಿಸಿಲಿಗೆ ಸಂಬಂಧಿಸಿ 645 ಜನ ಸತ್ತರು. ಹೆದರಿಸಲು ಹೇಳುತ್ತಿಲ್ಲ. ಎಸಿ ಕೆಟ್ಟರೆ ಇಲ್ಲಿ ಅದು "ನಾಳೆ ನೋಡೋಣ" ಅನ್ನುವ ವಿಷಯ ಅಲ್ಲ.

ರಾತ್ರಿ ತಣ್ಣಗಾಗದೆ ಇರಲು ಕಾರಣ ಡಾಂಬರು, ಕಾಂಕ್ರೀಟು. ಹಗಲು ಹೀರಿಕೊಂಡ ಶಾಖವನ್ನು ರಾತ್ರಿಯಿಡೀ ಬಿಡುತ್ತವೆ. ಹಾಗಾಗಿ ಊರಿನ ನಡುವೆ ಸೆಕೆ ಜಾಸ್ತಿ, ಅಂಚಿನಲ್ಲಿ ಸ್ವಲ್ಪ ಕಡಿಮೆ. ಮರ ಇರುವ ಬೀದಿಗೂ ಬೋಳು ಬೀದಿಗೂ ನಡೆದರೆ ವ್ಯತ್ಯಾಸ ಗೊತ್ತಾಗುತ್ತದೆ. ಹಳೆಯ ಆರ್ಕೇಡಿಯಾ ಬಡಾವಣೆ ತಂಪಾಗಿರುವುದಕ್ಕೆ ಕಾರಣ ಅಲ್ಲಿ ಹಿಂದೆ ಇದ್ದ ಕಿತ್ತಳೆ, ನಿಂಬೆ ತೋಟಗಳು. ಈಗಲೂ ಕೆಲವು ಹಿತ್ತಲಿಗೆ ಕಾಲುವೆ ನೀರು ಹಾಯಿಸುತ್ತಾರೆ. ಸರದಿ ರಾತ್ರಿ 2 ಗಂಟೆಗೆ ಬಂದರೆ 2 ಗಂಟೆಗೇ ಎದ್ದು ತೂಬು ತೆರೆಯಬೇಕು. ಹುಲ್ಲಿನ ಮೇಲೆ ಗೇಣುದ್ದ ನೀರು ನಿಂತಿರುತ್ತದೆ. ಮಂಡ್ಯದ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ವಾಸ್ತು ನೋಡ್ತೀವಿ. ಪೂರ್ವದ ಬಾಗಿಲೇ ಬೇಕು.

ಈ ಪ್ರಶ್ನೆಗೆ ನಗಬೇಡಿ, ಇಲ್ಲಿ ದಿಕ್ಕು ಅಂದರೆ ದುಡ್ಡು. ಬಾಗಿಲು ಪೂರ್ವಕ್ಕಿದ್ದರೆ ಹಿತ್ತಲು ಪಶ್ಚಿಮಕ್ಕೆ ಬರುತ್ತದೆ. ಇಲ್ಲಿನ ಮನೆಗಳಲ್ಲಿ ದೊಡ್ಡ ಗಾಜಿನ ಬಾಗಿಲು, ಹಾಲಿನ ಕಿಟಕಿ ಎಲ್ಲ ಹಿತ್ತಲ ಕಡೆಯೇ ಇರುತ್ತವೆ. ಮಧ್ಯಾಹ್ನ 3ರಿಂದ ಮುಳುಗುವ ತನಕ ಬಿಸಿಲು ನೇರವಾಗಿ ಒಳಗೆ. ಸೋಫಾ ಬಣ್ಣ ಹೋಗುತ್ತದೆ, ಎಸಿ ನಿಲ್ಲುವುದೇ ಇಲ್ಲ, ಮಕ್ಕಳು ಸಂಜೆ ಹಿತ್ತಲಿಗೆ ಇಳಿಯುವ ಹಾಗಿಲ್ಲ.

ಅದಕ್ಕೇ ಇಲ್ಲಿನವರು ಉತ್ತರ-ದಕ್ಷಿಣದ ಮನೆ ಹುಡುಕುತ್ತಾರೆ. ಏಜೆಂಟರು ಜಾಹೀರಾತಿನಲ್ಲೇ ಅದನ್ನು ಹಾಕಿರುತ್ತಾರೆ. ರಾಜಿಗೆ ದಾರಿ ಇದೆ: ಉತ್ತರದ ಬಾಗಿಲು. ವಾಸ್ತು ನೋಡುವವರೂ ಒಪ್ಪುತ್ತಾರೆ, ಕರೆಂಟ್ ಬಿಲ್ಲೂ ಒಪ್ಪುತ್ತದೆ. ದಕ್ಷಿಣದ ಹಿತ್ತಲಿಗೆ ಚಳಿಗಾಲದಲ್ಲಿ ಒಳ್ಳೆ ಎಳೆ ಬಿಸಿಲು ಬರುತ್ತದೆ. ಪೂರ್ವದ ಬಾಗಿಲೇ ಬೇಕು ಅಂದರೆ, ಹಿಂದೆ ಆಳವಾದ ಚಾವಣಿ ಇರುವ ಜಗಲಿ ಅಥವಾ ದೊಡ್ಡ ಮರ ಇರುವ ಮನೆ ನೋಡಿ.

ಕರೆಂಟ್ ಬಿಲ್ ಎಷ್ಟು ಬರುತ್ತೆ?

ಮನೆ, ಎಸಿಯ ವಯಸ್ಸು, ನಿಮ್ಮ ಅಭ್ಯಾಸ ಎಲ್ಲ ಸೇರಿ. ಇಲ್ಲಿ ಎರಡು ದೊಡ್ಡ ಸಂಸ್ಥೆಗಳು: ಎಸ್‌ಆರ್‌ಪಿ ಮತ್ತು ಎಪಿಎಸ್. ಯಾವುದು ಬೇಕು ಅಂತ ಆರಿಸುವ ಹಾಗಿಲ್ಲ, ವಿಳಾಸ ನಿರ್ಧರಿಸುತ್ತದೆ. ಪೂರ್ವದ ಊರುಗಳಲ್ಲಿ ಹೆಚ್ಚಾಗಿ ಎಸ್‌ಆರ್‌ಪಿ. ಎರಡರಲ್ಲೂ ಹೊತ್ತಿಗೆ ತಕ್ಕ ರೇಟಿನ ಪ್ಲ್ಯಾನ್‌ಗಳಿವೆ. ಎಪಿಎಸ್‌ನಲ್ಲಿ ವಾರದ ದಿನಗಳ ಸಂಜೆ 4ರಿಂದ 7 ದುಬಾರಿ ಹೊತ್ತು. ಮಧ್ಯಾಹ್ನವೇ ಮನೆ ತಣ್ಣಗೆ ಮಾಡಿಟ್ಟು, ಆ ಮೂರು ಗಂಟೆ ಥರ್ಮೋಸ್ಟಾಟ್ ಏರಿಸುತ್ತಾರೆ. ದೋಸೆ ಹಿಟ್ಟು ರುಬ್ಬುವುದು, ಬಟ್ಟೆ ಡ್ರೈಯರ್‌ಗೆ ಹಾಕುವುದು ಎಲ್ಲ 7ರ ಮೇಲೆ.

ಮನೆ ಕೊಳ್ಳುವ ಮುಂಚೆ ಮಾರುವವರಿಂದ ಜುಲೈ, ಆಗಸ್ಟ್ ಬಿಲ್ಲು ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಉತ್ತರ ಸಿಕ್ಕಿತು.

ಮರುಭೂಮಿ ಅಂತೀರಿ, ನೀರು ಎಲ್ಲಿಂದ? ಮುಂದೆ ಇರುತ್ತಾ?

ಮನೆ ಕೊಳ್ಳುವವರು ಇದನ್ನು ನಿಧಾನವಾಗಿ ಓದಿ.

ಮಳೆ ವರ್ಷಕ್ಕೆ 180 ಮಿ.ಮೀ. ಆಸುಪಾಸು. ಊರು ನಿಂತಿರುವುದು ಹೊರಗಿನ ನೀರಿನ ಮೇಲೆ. ಒಂದು ಮೂಲ ಸಾಲ್ಟ್ ಮತ್ತು ವರ್ಡಿ ನದಿಗಳು. ಆ ನೀರನ್ನು, ಕರೆಂಟ್ ಕೊಡುವ ಅದೇ ಎಸ್‌ಆರ್‌ಪಿ ಕಾಲುವೆಗಳಲ್ಲಿ ತರುತ್ತದೆ. ಅತ್ತ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದ 1911ರಲ್ಲೇ ಇಲ್ಲಿ ಸಾಲ್ಟ್ ನದಿಗೆ ರೂಸ್‌ವೆಲ್ಟ್ ಅಣೆಕಟ್ಟು ಉದ್ಘಾಟನೆಯಾಯಿತು. ಇನ್ನೊಂದು ಮೂಲ ಕೊಲೊರಾಡೋ ನದಿ. ಸುಮಾರು 540 ಕಿ.ಮೀ. ಉದ್ದದ ಸಿಎಪಿ (ಸೆಂಟ್ರಲ್ ಅರಿಜೋನಾ ಪ್ರಾಜೆಕ್ಟ್) ಕಾಲುವೆಯಲ್ಲಿ ಮರುಭೂಮಿ ದಾಟಿ ಬರುತ್ತದೆ. ಆ ನದಿಯಲ್ಲಿ ನೀರು ಕಡಿಮೆಯಾಗಿ 2022ರಿಂದ ಅರಿಜೋನಾದ ಪಾಲಿಗೆ ಕಡಿತ ಬಿದ್ದಿದೆ. ಮೂರನೆಯದು ಅಂತರ್ಜಲ.

ಫೀನಿಕ್ಸ್, ಮೇಸಾ, ಟೆಂಪಿ, ಚಾಂಡ್ಲರ್‌ನಂಥ ಹಳೆಯ ಊರುಗಳಿಗೆ ಒಂದಕ್ಕಿಂತ ಹೆಚ್ಚು ಮೂಲ ಇದೆ. ಒಂದು ಕೈಕೊಟ್ಟರೆ ಇನ್ನೊಂದು. ಅಂಚಿನ ಹೊಸ ಬಡಾವಣೆಗಳ ಕಥೆ ಬೇರೆ. 1980ರ ಅಂತರ್ಜಲ ಕಾನೂನಿನ ಪ್ರಕಾರ ಹೊಸ ಲೇಔಟಿಗೆ 100 ವರ್ಷಕ್ಕೆ ಸಾಕಾಗುವ ನೀರು ತೋರಿಸಬೇಕು. 2023ರ ಜೂನ್‌ನಲ್ಲಿ ರಾಜ್ಯದ ಲೆಕ್ಕಾಚಾರ ಬಂತು. ಈ ಪ್ರದೇಶದ ಅಂತರ್ಜಲದಲ್ಲಿ 100 ವರ್ಷದ ಬೇಡಿಕೆಗೆ 4% ಕೊರತೆ. ಬರೀ ಅಂತರ್ಜಲ ನಂಬಿದ ಹೊಸ ಲೇಔಟುಗಳಿಗೆ ಒಪ್ಪಿಗೆ ನಿಲ್ಲಿಸಿದರು. ಬಕ್‌ಐ, ಕ್ವೀನ್ ಕ್ರೀಕ್ ಕಡೆ ಇದರ ಬಿಸಿ ಜೋರಾಗಿ ತಟ್ಟಿತು. ಮೊದಲೇ ಒಪ್ಪಿಗೆ ಸಿಕ್ಕ ಮನೆಗಳಿಗೆ ತೊಂದರೆಯಿಲ್ಲ.

ಕಾನೂನಿನಲ್ಲಿ ಒಂದು ಕಿಂಡಿ ಇದೆ. ಜಾಗವನ್ನು ಐದು ಅಥವಾ ಅದಕ್ಕಿಂತ ಕಡಿಮೆ ಸೈಟು ಮಾಡಿ ಮಾರಿದರೆ ಆ 100 ವರ್ಷದ ಪುರಾವೆ ಬೇಡ. ಸ್ಕಾಟ್ಸ್‌ಡೇಲ್ ಪಕ್ಕದ ರಿಯೊ ವರ್ಡಿ ಫುಟ್‌ಹಿಲ್ಸ್ ಹೀಗೇ ಬೆಳೆದಿದ್ದು. ಬೆಟ್ಟದ ನೋಟ, ದೊಡ್ಡ ಮನೆಗಳು, ನೂರಾರು ಮನೆಗಳಿಗೆ ನೀರು ಟ್ಯಾಂಕರಿನಲ್ಲಿ. 2023ರ ಜನವರಿ 1ರಂದು ಸ್ಕಾಟ್ಸ್‌ಡೇಲ್ ನಗರ, ನಮ್ಮ ಗಡಿಯ ಹೊರಗಿನವರಿಗೆ ನೀರು ಸಾಗಿಸಲು ಇನ್ನು ಬಿಡುವುದಿಲ್ಲ ಅಂತ ನಿಲ್ಲಿಸಿಬಿಟ್ಟಿತು. ಕೋಟಿಗಟ್ಟಲೆ ಬೆಲೆಯ ಮನೆಯವರು ಮಳೆ ನೀರು ಹಿಡಿದಿಟ್ಟು, ದೂರದಿಂದ ದುಬಾರಿ ಟ್ಯಾಂಕರ್ ತರಿಸಿದರು. ಬೆಂಗಳೂರಿನ ಅಂಚಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಇದರ ರುಚಿ ಗೊತ್ತು.

ಹಾಗಾಗಿ ಏಜೆಂಟರನ್ನು ನೇರವಾಗಿ ಕೇಳಿ: ನೀರಿನ ಬಿಲ್ಲು ಯಾರ ಹೆಸರಲ್ಲಿ ಬರುತ್ತದೆ? ನಗರದ್ದೋ, ಖಾಸಗಿ ಕಂಪನಿಯದ್ದೋ, ಬೋರ್‌ವೆಲ್ಲೋ, ಟ್ಯಾಂಕರೋ? ಬೋರು, ಟ್ಯಾಂಕರು ಅಂದರೆ ಮುಂದಿನ ಮನೆ ನೋಡಿ.

ಅಂದಹಾಗೆ, ನೀರು ಎಲ್ಲ ಕಡೆಯೂ ಗಡಸು. ಸಾಫ್ಟ್‌ನರ್ ಇಲ್ಲದಿದ್ದರೆ ನಲ್ಲಿ, ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ.

ಶಾಲೆ ನೋಡಿಯೇ ಮನೆ ತಗೋಬೇಕಾ?

ಬೇರೆ ರಾಜ್ಯಗಳಷ್ಟು ಇಲ್ಲಿ ಬೇಕಿಲ್ಲ. ಸೀಟು ಖಾಲಿ ಇದ್ದರೆ ಬೇರೆ ಜಿಲ್ಲೆಯ ಸರ್ಕಾರಿ ಶಾಲೆಗೂ ಸೇರಿಸಬಹುದು. 1994ರ ಕಾನೂನು ಬಂದ ಮೇಲೆ ಚಾರ್ಟರ್ ಶಾಲೆಗಳೂ ಇವೆ, ಅಂದರೆ ಸರ್ಕಾರದ ದುಡ್ಡಲ್ಲಿ ಬೇರೆ ಸಂಸ್ಥೆಗಳು ನಡೆಸುವ ಶಾಲೆಗಳು. ಫೀಸಿಲ್ಲ, ವಿಳಾಸದ ಹಂಗಿಲ್ಲ. ಬೇಸಿಸ್, ಗ್ರೇಟ್ ಹಾರ್ಟ್ಸ್ ಹೆಸರು ನಮ್ಮವರ ಬಾಯಲ್ಲಿ ಸದಾ ಇರುತ್ತದೆ. ಸಮಸ್ಯೆ ಏನೆಂದರೆ ಬಸ್ಸು ಸಾಮಾನ್ಯವಾಗಿ ಇರುವುದಿಲ್ಲ. ದಿನಾ ಎರಡು ಸಲ ನೀವೇ ಬಿಟ್ಟು ಕರೆತರಬೇಕು. ಬೇಸಿಸ್‌ನಲ್ಲಿ ಓದಿನ ಒತ್ತಡ ಜೋರು. ರ್‍ಯಾಂಕಿಂಗ್ ನೋಡಿ ಸೇರಿಸುವ ಮುಂಚೆ ಮಗುವಿನ ಸ್ವಭಾವ ನೋಡಿ.

ಚಾಂಡ್ಲರ್ ಜಿಲ್ಲೆಯ ಶಾಲೆ ಶುರುವಾಗುವುದು ಜುಲೈ ಮೂರನೇ ವಾರದ ಸುಮಾರಿಗೆ. ಸೆಪ್ಟೆಂಬರ್ ಅಂದುಕೊಂಡು ಟಿಕೆಟ್ ಮಾಡಿಸಬೇಡಿ. ಇದಕ್ಕೆ ಬದಲಾಗಿ ಅಕ್ಟೋಬರ್ ಆಸುಪಾಸು ಎರಡು ವಾರ ರಜೆ ಸಿಗುತ್ತದೆ. ಕೆಲವು ವರ್ಷ ದಸರಾಕ್ಕೆ ಸರಿಯಾಗಿ ಬರುತ್ತದೆ.

ಬಡಾವಣೆ ಸಂಘದ ಕಾಟ ಇದೆಯಂತೆ?

ಎಚ್‌ಒಎ. ಹೊಸ ಲೇಔಟುಗಳಲ್ಲಿ ಬಹುತೇಕ ಇದ್ದೇ ಇರುತ್ತದೆ. ಕಸದ ಡಬ್ಬಿ ಮರುದಿನವೂ ರಸ್ತೆಯಲ್ಲಿದ್ದರೆ ನೋಟಿಸು. ಮನೆ ಬಣ್ಣ ಅವರು ಕೊಟ್ಟ ಪಟ್ಟಿಯಿಂದಲೇ. ಮುಂದಿನ ಅಂಗಳದ ಜಲ್ಲಿಕಲ್ಲಿನ ನಡುವೆ ಕಳೆ ಎದ್ದರೂ ಪತ್ರ ಬರುತ್ತದೆ, ಫೋಟೊ ಸಮೇತ. ತುಳಸಿ ಕಟ್ಟೆ ಹಿತ್ತಲಲ್ಲಿಟ್ಟರೆ ಯಾರೂ ಕೇಳುವುದಿಲ್ಲ. ಇದು ಬೇಡ ಅನ್ನುವವರಿಗೆ ಮೇಸಾ, ಟೆಂಪಿ, ಫೀನಿಕ್ಸ್‌ನ ಹಳೆಯ ಬೀದಿಗಳಲ್ಲಿ ಸಂಘವಿಲ್ಲದ ಮನೆಗಳು ಸಿಗುತ್ತವೆ.

ಚೇಳು?

ಇದೆ. ಬೆಟ್ಟದ ಬುಡ, ಮಳೆ ನೀರು ಹರಿಯುವ ಹಳ್ಳ, ಹೊಸದಾಗಿ ಅಗೆದ ಜಾಗದ ಹತ್ತಿರ ಜಾಸ್ತಿ. ಬಾರ್ಕ್ ಚೇಳು ಒಣಹುಲ್ಲಿನ ಬಣ್ಣ, ಹೆಬ್ಬೆರಳಿನಷ್ಟು ಉದ್ದ, ಗೋಡೆ ಹತ್ತುತ್ತದೆ. ಮನೆ ನಿಶ್ಚಯ ಮಾಡುವ ಮುಂಚೆ ಒಂದು ಸಣ್ಣ ನೇರಳಾತೀತ ಟಾರ್ಚ್ ತೆಗೆದುಕೊಂಡು ಕತ್ತಲಾದ ಮೇಲೆ ಹಿತ್ತಲ ಕಾಂಪೌಂಡ್ ಗೋಡೆಗೆ ಬಿಡಿ. ಚೇಳಿದ್ದರೆ ಹಸಿರಾಗಿ ಹೊಳೆಯುತ್ತದೆ. ಇಟ್ಟಿಗೆ ಸಂದಿಯಲ್ಲಿ ಅರ್ಧ ದೇಹ ಇದ್ದರೂ ಕಾಣುತ್ತದೆ. ಚಿಕ್ಕ ಮಕ್ಕಳಿಗೆ ಕಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಧೂಳು, ವ್ಯಾಲಿ ಫೀವರ್ ಅಂತ ಕೇಳಿದ್ವಿ.

ಮಣ್ಣಿನಲ್ಲಿರುವ ಒಂದು ಶಿಲೀಂಧ್ರದಿಂದ ಬರುವ ಶ್ವಾಸಕೋಶದ ಕಾಯಿಲೆ. ಅಮೆರಿಕದ ಒಟ್ಟು ಪ್ರಕರಣಗಳಲ್ಲಿ ದೊಡ್ಡ ಪಾಲು ಅರಿಜೋನಾದಲ್ಲೇ. ಎಲ್ಲ ಊರಲ್ಲೂ ಇದೆ, ಮನೆ ಬದಲಾಯಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ವಾರಗಟ್ಟಲೆ ಕೆಮ್ಮು, ಸುಸ್ತು ಇದ್ದರೆ ಡಾಕ್ಟರಿಗೆ ಈ ಹೆಸರು ಹೇಳಿ ಪರೀಕ್ಷೆ ಕೇಳಿ. ಮಳೆಗಾಲದಲ್ಲಿ ಧೂಳಿನ ಗೋಡೆ ಎದ್ದು ಬಂದಾಗ ಕಾರು ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ನಿಲ್ಲಿಸಿ, ಲೈಟ್ ಆರಿಸಿ, ಬ್ರೇಕಿನಿಂದ ಕಾಲು ತೆಗೆಯಿರಿ. ಲೈಟ್ ಉರಿಯುತ್ತಿದ್ದರೆ ಹಿಂದಿನವರು ಅದೇ ದಾರಿ ಅಂತ ಬಂದು ಗುದ್ದುತ್ತಾರೆ.

ಅಪ್ಪ ಅಮ್ಮ ಬಂದು ಆರು ತಿಂಗಳು ಇರ್ತಾರೆ. ಅವರಿಗೆ ಯಾವ ಊರು ಸರಿ?

ಊರಿಗಿಂತ ತಿಂಗಳು ಮುಖ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕರೆಸಿಕೊಳ್ಳಿ. ಆಗ ಇದು ಸ್ವರ್ಗ. ಬೇಸಿಗೆಗೆ ಬಂದರೆ ಪಾಪ, ಬೆಳಿಗ್ಗೆ 5ಕ್ಕೆ ವಾಕಿಂಗ್ ಮುಗಿಸಿ ದಿನವಿಡೀ ನಾಲ್ಕು ಗೋಡೆ ನೋಡಬೇಕು.

ಕಾಲುವೆ ದಂಡೆ ಹತ್ತಿರ ಮನೆ ಸಿಕ್ಕರೆ ಅವರಿಗೆ ತುಂಬಾ ಅನುಕೂಲ. ಚಾಂಡ್ಲರ್, ಗಿಲ್ಬರ್ಟ್, ಟೆಂಪಿ, ಮೇಸಾ ಎಲ್ಲ ಕಡೆ ದಂಡೆಯ ಮೇಲೆ ನಡೆಯುವ ದಾರಿ ಇದೆ. ಸಂಜೆ ಹೊತ್ತು ಅಲ್ಲಿ ಹೋದರೆ ತೆಲುಗು, ತಮಿಳು, ಗುಜರಾತಿ ಅಜ್ಜ ಅಜ್ಜಿಯರ ಜೊತೆ ನಮ್ಮವರೂ ಸಿಗುತ್ತಾರೆ.

ಅರಿಜೋನಾದಲ್ಲಿ ಬಹುತೇಕ ಎಲ್ಲ ಕಡೆ ಗಡಿಯಾರ ಹಿಂದೆಮುಂದೆ ಮಾಡುವುದಿಲ್ಲ. ವರ್ಷವಿಡೀ ಭಾರತ 12 ಗಂಟೆ 30 ನಿಮಿಷ ಮುಂದೆ. ಊರಿಗೆ ಫೋನ್ ಮಾಡುವ ಹೊತ್ತು ಒಮ್ಮೆ ಗೊತ್ತು ಮಾಡಿಕೊಂಡರೆ ಮುಗಿಯಿತು.

ಮೊದಲು ಬಾಡಿಗೆಗಾ, ನೇರ ಕೊಳ್ಳೋದಾ?

ಬಾಡಿಗೆ. ಒಂದು ಬೇಸಿಗೆ ಕಳೆಯದೆ ಇಲ್ಲಿ ಮನೆ ಕೊಳ್ಳಬೇಡಿ. 2025ರ ಜನವರಿಯಿಂದ ಮನೆ ಬಾಡಿಗೆ ಮೇಲಿನ ನಗರ ತೆರಿಗೆಯೂ ಹೋಗಿದೆ. ಫೀನಿಕ್ಸ್ ನಗರದೊಳಗೆ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಎಸಿ ಇದ್ದರೆ ಅದು ಒಳಗೆ 82 ಫ್ಯಾರನ್‌ಹೀಟ್ (28 ಸೆಲ್ಸಿಯಸ್) ಅಥವಾ ಅದಕ್ಕಿಂತ ಕಡಿಮೆ ಇಡುವಂತಿರಬೇಕು ಅಂತ ನಿಯಮ ಇದೆ. ಓನರ್ ರಿಪೇರಿಗೆ ಸತಾಯಿಸಿದರೆ ಈ ನಿಯಮ ನೆನಪಿರಲಿ.

ಮನೆ ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡ್ಲಿ?

ಏಜೆಂಟರು ಬೆಳಿಗ್ಗೆ 9ಕ್ಕೆ ಬನ್ನಿ ಅನ್ನುತ್ತಾರೆ. ಸಂಜೆ 4ಕ್ಕೆ ತೋರಿಸಿ ಅನ್ನಿ. ಒಳಗೆ ಹೋಗಿ ಪಶ್ಚಿಮದ ಕೋಣೆಯ ಗೋಡೆಗೆ ಅಂಗೈ ಇಟ್ಟು ನೋಡಿ. ಮಾಳಿಗೆ ಕೋಣೆ ಕೆಳಗಿಗಿಂತ ಎಷ್ಟು ಬಿಸಿ ಅಂತ ನೋಡಿ. ಹೊರಗಿನ ಎಸಿ ಯಂತ್ರದ ಮೇಲಿನ ತಗಡಿನಲ್ಲಿ ತಯಾರಾದ ವರ್ಷ ಇರುತ್ತದೆ, ಫೋಟೊ ತೆಗೆದುಕೊಳ್ಳಿ. 12 ವರ್ಷ ದಾಟಿದ್ದರೆ ಬೆಲೆ ಮಾತಾಡುವಾಗ ಹೇಳಿ. ಹೆಂಚಿನ ಚಾವಣಿ ಚೆನ್ನಾಗಿ ಕಂಡರೂ ಹೆಂಚಿನ ಕೆಳಗಿನ ಹಾಸು ಬಿಸಿಲಿಗೆ 20-25 ವರ್ಷದಲ್ಲಿ ಪುಡಿಯಾಗುತ್ತದೆ. ಯಾವಾಗ ಬದಲಾಯಿಸಿದರು ಅಂತ ಕೇಳಿ. ಹಳೆಯ ಮನೆಯಲ್ಲಿ ಎಸಿ ಬದಲು ಬರೀ ನೀರಿನ ಕೂಲರ್ ಇದ್ದರೆ ಬೇಡ, ಮಳೆಗಾಲದ ತೇವದ ಗಾಳಿಯಲ್ಲಿ ಅದು ತಣ್ಣಗೆ ಮಾಡುವುದಿಲ್ಲ. ಈಜುಕೊಳ ಇದ್ದು ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸುತ್ತ ಬೇಲಿ ಇರಬೇಕು, ಗೇಟು ತಾನಾಗಿ ಮುಚ್ಚಿ ಚಿಲಕ ಬೀಳಬೇಕು. ಅದನ್ನು ನಿಮ್ಮ ಕೈಯಿಂದಲೇ ತೆರೆದು ಬಿಟ್ಟು ನೋಡಿ.